ಬೂಟಿನೊಳಗಿನ ಸೇಬಿನ ರಸ

ಶಿಕಾಗೊ ಡೌನ್‌ಟೌನಿನಲ್ಲಿ ಈಗ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್. ಕ್ರಿಸ್‌ಮಸ್ ಸಂತೆಯ ಮರದ ಅಂಗಡಿಯೊಂದರ ಮುಂದೆ ನಿಂತಿದ್ದೇವೆ. ಚಕ್ಕೆ, ಲವಂಗ ಹಾಕಿ ಕಾಯಿಸಿದ ಸೇಬಿನ ರಸವನ್ನು ಇಲ್ಲಿ ಕೊಡುವುದು ಪಿಂಗಾಣಿಯ ಪುಟ್ಟ ಬೂಟಿನಲ್ಲಿ. ಅದಕ್ಕೆ ಹಿಮ್ಮಡಿ, ಲೇಸು ಎಲ್ಲವೂ ಇದೆ.

"ಇದು ಮೆಟ್ಟಲ್ವೇನೇ?" ಎಂದರು ಕಮಲಾ ಆಂಟಿ. ಮೈಸೂರಿನವರು, ಮೂವತ್ತು ವರ್ಷದಿಂದ ಶಿಕಾಗೊ ಹೊರವಲಯದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿದ್ದಾರೆ. ಬೇರೆ ರಾಜ್ಯದ ನೋವೈ ಊರಿನಿಂದ ಬಂದ ನನಗೆ ಸಂತೆ ತೋರಿಸಲು ಕರೆತಂದಿದ್ದರು.

"ಇದು ಮಗ್, ಆಂಟಿ. ಬರೀ ಶೇಪ್ ಹಂಗಿದೆ. ಹೀಗೆ ಕುಡಿಯೋದು ನೋಡಿ," ಎಂದು ತುಟಿಗಿಟ್ಟು ಎತ್ತಿದೆ. ಬೂಟಿನ ಮುಂದಿನ ಮೂತಿಯಲ್ಲಿ ಅಡಗಿ ಕೂತಿದ್ದ ಉಗುರುಬೆಚ್ಚಗಿನ ರಸ ಒಮ್ಮೆಲೇ ನುಗ್ಗಿ ಮೂಗು, ಕನ್ನಡಕ, ಮಫ್ಲರ್ ಎಲ್ಲವನ್ನೂ ತೋಯಿಸಿತು. ಅಂಗಡಿಯಾಕೆ ನಕ್ಕಳು. ದಿನವಿಡೀ ಇದನ್ನೇ ನೋಡುತ್ತಾಳಂತೆ.

ಆಂಟಿ ನಗಲಿಲ್ಲ. ಗ್ಲೌಸ್ ಕಳಚಿದರು, ತಲೆಯನ್ನು ಹಿಂದಕ್ಕೆ ವಾಲಿಸಿದರು. ತಮ್ಮ ಬೂಟನ್ನು ಬಾಯಿಂದ ಒಂದು ಗೇಣು ಮೇಲೆ ಹಿಡಿದು, ಅದರ ಮೂತಿಯನ್ನು ಪಕ್ಕಕ್ಕೆ ತಿರುಗಿಸಿ ನಿಧಾನವಾಗಿ ಬಗ್ಗಿಸಿದರು, ಮನೆಯಲ್ಲಿ ಚೊಂಬಿನ ನೀರನ್ನು ಎತ್ತಿ ಕುಡಿಯುವ ಹಾಗೆಯೇ. ಸಣ್ಣ ಧಾರೆ ನೇರ ಗಂಟಲಿಗೆ ಇಳಿಯಿತು. ಒಂದು ಹನಿಯೂ ಆಚೆ ಬೀಳಲಿಲ್ಲ. ನಮ್ಮ ಹಿಂದಿನ ಸಾಲಿನವರು ಕತ್ತು ಚಾಚಿ ನೋಡಿದರು. ಅಂಗಡಿಯಾಕೆ ಸೌಟು ಹಿಡಿದೇ ನಿಂತಳು.

ಆಂಟಿ ಖಾಲಿ ಬೂಟನ್ನು ಕೌಂಟರಿನ ಮೇಲಿಟ್ಟು ನನ್ನತ್ತ ಟಿಷ್ಯೂ ಚಾಚಿದರು.

"ಮೂಗು ಒರೆಸ್ಕೊ. ಮೆಟ್ಟಿಗೆ ಬಾಯಿ ಹಾಕಿದ್ರೆ ಇನ್ನೇನಾಗತ್ತೆ?"