ವಿಭೂತಿ ಹಚ್ಚಿದ ಚೀಲ

ಗೋಣಿಚೀಲದ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಈ ಬೆಳಿಗ್ಗೆಯೂ ಹಾಗೇ ಆಯಿತು. ಮನೆಗೆ ಬಣ್ಣ ಹಚ್ಚಲು ಬಂದವರು ಮರಳು ತುಂಬಿದ ಹಳೇ ಚೀಲಗಳನ್ನು ಮಾಳಿಗೆಗೆ ಹೊರುತ್ತಿದ್ದರು. ಹಿಂದೆ ನೆಲ್ಲು ತುಂಬಿದ್ದ ಚೀಲಗಳಿರಬೇಕು, ಹೊಟ್ಟು ಧೂಳಿನ ಅದೇ ವಾಸನೆ... ಸಾರಿಗೆ ಒಗ್ಗರಣೆ ಹಾಕುವುದನ್ನು ಬಿಟ್ಟು ಮೇಲೆ ಓಡಿದೆ. ಹಗ್ಗ ಜಗ್ಗಿ ನೋಡಿದೆ. ಕೆಳಗೆ ಬಂದೆ, ಮತ್ತೆ ಹತ್ತಿದೆ. "ಅಕ್ಕಾರ, ಒಂದ್ ಕಡೆ ಕುಂಡ್ರಿ. ನಿಮ್ಮನ್ನ ನೋಡಿ ನಮಗ ತಲಿ ತಿರಗಾಕತ್ತದ" ಎಂದು ಪೇಂಟರ್ ನಕ್ಕ. ನಗಲಿ ಬಿಡಿ. ಈ ಚಡಪಡಿಕೆ ನನಗೆ ಅಂಟಿದ್ದು ಎದುರು ಮನೆಯ ದೊಡ್ಡವ್ವನಿಂದ.

ನಾನು ಸಿಂಧನೂರಿಗೆ ಸೊಸೆಯಾಗಿ ಬಂದಾಗಲೇ ಆಕೆ ಇಡೀ ಓಣಿಗೆ ದೊಡ್ಡವ್ವ. ಭಾರಿ ಮೈ. ಕಟ್ಟೆಯ ಮೇಲೆ ಆಕೆ ಕುಳಿತರೆ ಇನ್ನೊಬ್ಬರಿಗೆ ಜಾಗವಿಲ್ಲ. "ದೊಡ್ಡವ್ವ ಹಿಂದ ಕುಂತ್ರ ಆಟೋದ ಮುಂದಿನ ಗಾಲಿ ಏಳ್ತದ" ಎಂದು ಜನ ಆಡಿಕೊಂಡರೆ ಆಕೆಯೂ ಹೊಟ್ಟೆ ಹಿಡಿದು ನಗುತ್ತಿದ್ದಳು. ಆದರೆ ಯಾರಾದರೂ ನಿಚ್ಚಣಿಕೆ ಹತ್ತಿದರೋ, ನಗು ಮಾಯ. ಹಂಚಿನ ಮೇಲಿನ ರೊಟ್ಟಿ ಹಂಚಿನ ಮೇಲೇ ಬಿಟ್ಟು ಓಡಿ ಬರುತ್ತಿದ್ದಳು. "ಎರಿ ಮಣ್ಣ ನಂಬಬ್ಯಾಡ್ರಲೇ! ಮ್ಯಾಲ ಒಣಗಿರ್ತದ, ಒಳಗ ಹಸಿ ಇರ್ತದ" ಎಂದು ಬೈಯುತ್ತ ನಿಚ್ಚಣಿಕೆಯ ಕಾಲಿಗೆ ಕಲ್ಲುಚಪ್ಪಡಿ ಕೊಡಿಸಿ, ಮೇಲಿನ ತುದಿ ಕಟ್ಟಿಸಿ, ಕೆಳಗಿನ ಮೆಟ್ಟಿಲನ್ನು ತನ್ನ ಕಾಲಿನಿಂದ ಒತ್ತಿ ಹಿಡಿದು ನಿಲ್ಲುತ್ತಿದ್ದಳು. ಹತ್ತಿದವನು ಇಳಿಯುವ ತನಕ ಬೈಗುಳವೂ ನಿಲ್ಲುತ್ತಿರಲಿಲ್ಲ. ಯಾಕಿಷ್ಟು ಅಂಜಿಕೆ ಎಂದು ಒಮ್ಮೆ ಕೇಳಿದೆ. "ಬಿದ್ದ ಮ್ಯಾಲ ಹಿಡಿಯಾಕ ಬರಲ್ಲಬೇ" ಎಂದಳು, ಅಷ್ಟೇ.

ಆ ವರ್ಷ ಸುಗ್ಗಿ ಮುಗಿದು ಗೊರೇಬಾಳದ ಹೊಲದಿಂದ ನೆಲ್ಲು ಮನೆಗೆ ಬಂದಿತ್ತು. ನಾದಿನಿಯ ಮದುವೆ ಗೊತ್ತಾಗಿ ಮನೆಗೆ ಬಣ್ಣದ ಕೆಲಸ ಹಿಡಿದಿದ್ದೆವು. ಹಿಂದಿನ ಗೋಡೆಯ ಬುಡಕ್ಕೆ ಪಕ್ಕದವರ ತಗಡಿನ ಶೆಡ್ಡು, ಅಲ್ಲಿ ನಿಚ್ಚಣಿಕೆ ನಿಲ್ಲಿಸಲು ಜಾಗವೇ ಇಲ್ಲ. ಮಸ್ಕಿಯಿಂದ ಬಂದ ಪೇಂಟರ್ ಜೂಲಾ ಕಟ್ಟಿದ. ಅಂದರೆ, ಮಾಳಿಗೆಯಿಂದ ಎರಡು ಬೊಂಬುಗಳನ್ನು ಗೋಡೆಯಾಚೆ ಚಾಚಿ, ಅವುಗಳಿಗೆ ಹಗ್ಗದಲ್ಲಿ ಒಂದು ಹಲಗೆ ತೂಗುಬಿಡುವುದು. ಹಲಗೆಯ ಮೇಲೆ ಮನುಷ್ಯ ಕೂತಾಗ ಬೊಂಬಿನ ಹಿಂದಿನ ತುದಿ ಮೇಲೇಳಬಾರದಲ್ಲ, ಅದಕ್ಕೆ ಭಾರ ಹೇರಬೇಕು. ಮರಳು ಎಲ್ಲಿಂದ ತರುವುದು? ಮನೆಯಲ್ಲಿ ನೆಲ್ಲಿನ ಚೀಲಗಳಿದ್ದವು. ಒಂದೊಂದು ಬೊಂಬಿನ ಮೇಲೆ ಎರಡೆರಡು ಹೇರಿದರು.

ದೊಡ್ಡವ್ವ ಸುಮ್ಮನಿರುವವಳೇ? ಏದುಸಿರು ಬಿಡುತ್ತ ಮಾಳಿಗೆ ಹತ್ತಿ ಬಂದು ಗಂಟು ಗಂಟನ್ನೂ ಮುಟ್ಟಿ ನೋಡಿದಳು. ಆದರೂ ಸಮಾಧಾನವಿಲ್ಲ. ಸೆರಗಿನಲ್ಲಿ ಕಟ್ಟಿ ತಂದ ವಿಭೂತಿಯನ್ನು ಒಂದೊಂದು ಚೀಲಕ್ಕೂ ಮೂರು ಬೆರಳಿನಿಂದ ಬಳಿದು, "ಶಿವಾ, ಈ ಮಸ್ಕಿ ಮನಷ್ಯಾನ್ನ ನೀನಽ ಕಾಯಪಾ" ಎಂದು ಕೈ ಮುಗಿದಳು. ಪೇಂಟರ್ ಕಣ್ಣು ಹೊಡೆದು ನನ್ನತ್ತ ನೋಡಿದ. ನನಗೂ ನಗು ಬಂತು.

ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಸುಗ್ಗಿಯ ನೆಲ್ಲಿನಲ್ಲಿ ಒಂದು ಚೀಲವನ್ನು ಮಠದ ದಾಸೋಹಕ್ಕೆಂದು ವಿಭೂತಿ ಹಚ್ಚಿ ಬೇರೆ ಎತ್ತಿಡುವುದು. ಆ ಚೀಲ ಮಾಳಿಗೆಯ ಮೇಲಿನ ಕೋಣೆಯಲ್ಲಿತ್ತು. ಅವತ್ತು ಮಧ್ಯಾಹ್ನವೇ ಮಠದ ಟ್ರ್ಯಾಕ್ಟರ್ ಬರಬೇಕೇ! ಮಂಡಿನೋವಿನ ನಮ್ಮ ಅತ್ತೆ ಪಡಸಾಲೆಯಲ್ಲೇ ಕುಳಿತು, "ಮ್ಯಾಲ ವಿಭೂತಿ ಹಚ್ಚಿದ ಚೀಲ ಅದ ನೋಡ್ರಿ, ಹೊತಗೊಂಡು ಹೋಗ್ರಿ" ಎಂದರು. ಬಂದವರು ಹತ್ತಿ ಹೋದರು. ಮೆಟ್ಟಿಲು ಮುಗಿದಲ್ಲೇ ವಿಭೂತಿಯ ಚೀಲ ಕಾಣಿಸಿತು. ಹೊತ್ತು ಇಳಿದರು, ನಾನು ಕೊಟ್ಟ ನೀರು ಕುಡಿದರು, ಹೊರಟರು. ಅವರು ಒಯ್ದದ್ದು ಬೊಂಬಿನ ಮೇಲಿನ ಚೀಲವೆಂದು ಯಾರಿಗೆ ಗೊತ್ತು?

ದೊಡ್ಡವ್ವನಿಗೆ ಗೊತ್ತಾಗಿತ್ತು. ತನ್ನ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದವಳು ನಮ್ಮ ಮಾಳಿಗೆಯಿಂದ ಚೀಲ ಇಳಿಯುವುದನ್ನು ನೋಡಿದ್ದಳು. ಬರಿಗಾಲಲ್ಲಿ ಓಡಿ ಬಂದು, ನನ್ನನ್ನೂ ಅತ್ತೆಯನ್ನೂ ದಾಟಿ, ಮಾತಿಲ್ಲದೆ ಮೆಟ್ಟಿಲು ಹತ್ತಿದಳು. ಆಕೆ ಬೈಯದೆ ಮೆಟ್ಟಿಲು ಹತ್ತಿದ್ದು ನೋಡಿಯೇ ಏನೋ ಕೆಟ್ಟದ್ದಾಗಿದೆ ಎಂದುಕೊಂಡೆ. ಬೆನ್ನ ಹಿಂದೆಯೇ ಓಡಿದೆ.

ಬೊಂಬಿನ ಮೇಲೆ ಉಳಿದಿದ್ದ ಒಂದೇ ಚೀಲವನ್ನು ತಬ್ಬಿ, ತುದಿಯ ಮೇಲೆ ದೊಡ್ಡವ್ವ ಕುಳಿತಿದ್ದಳು. ಕೆಳಗೆ ಹಲಗೆಯ ಮೇಲೆ ಪೇಂಟರ್ ಆ ಕಡೆ ಈ ಕಡೆ ವಾಲಿದಾಗೆಲ್ಲ ಆಕೆಯ ಅಡಿಯ ಬೊಂಬು ಒಂದಿಷ್ಟು ಎದ್ದು ಟಪ್ ಎಂದು ಕೂರುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಪಿಸುಗುಟ್ಟಿದಳು, "ಒದರಬ್ಯಾಡ! ಗಾಬ್ರಿಯಾಗಿ ಜಗ್ಗಿದಾ ಅಂದ್ರ ಹ್ವಾದ. ಚಹಾಕ್ಕಂತ ಕರಿ. ಬಾಲ್ಕನಿ ಬಾಜುಕಽ ಅದಾನ, ದಾಟಿ ಬರ್ಲಿ."

ಕೆಳಗಿಳಿದು ಹಿಂದಿನ ಗೋಡೆಯ ಬಾಲ್ಕನಿಗೆ ಹೋದೆ. "ಚಹಾ ಆಗ್ಯದ, ಬರ್ರಿ" ಎಂದೆ.

"ಈ ಮೂಲಿ ಒಂದ್ ಮುಗಿಸಿ ಬರ್ತೀನ್ರಿ ಅಕ್ಕಾರ."

"ಆರಿ ಹೋಗ್ತದ್ರಿ..."

"ಆರಿದ್ದಽ ಕುಡೀತೀನಿ ಬಿಡ್ರಿ" ಎಂದು ಬ್ರಷ್ ಅದ್ದಿದ. ಅಯ್ಯೋ ನನ್ನ ಕರ್ಮವೇ! ಆ ಮನುಷ್ಯನ ಜೀವ ಒಂದು ಮುದುಕಿಯ ಮೈಭಾರದ ಮೇಲಿದೆ, ಅವನಿಗೆ ಮೂಲೆಯ ಬಣ್ಣದ ಚಿಂತೆ. ನನಗೆ ಅಳು ಬರುವಂತಾಯಿತು. ಅಷ್ಟರಲ್ಲಿ ಮೇಲಿನಿಂದ ದೊಡ್ಡವ್ವನ ದಿನನಿತ್ಯದ ಜಗಳದ ದನಿ ಬಂತು, "ಏ ಮಸ್ಕ್ಯಾಂವಾ! ಮಂಡಾಳ ವಗ್ಗರಣಿ, ಬಿಸಿ ಮಿರ್ಚಿ ತಂದೀನಿ. ತಿಂತೀಯೋ, ನಾಯಿಗಿ ಹಾಕ್ಲೋ?"

ಮಿರ್ಚಿ ಎಂದದ್ದೇ ತಡ, ಅವನು ಬ್ರಷ್ ಇಟ್ಟ. ಹಗ್ಗ ಹಿಡಿದು, ಒಂದು ಕಾಲು ಬಾಲ್ಕನಿಯ ಮೇಲಿಟ್ಟ. ನಾನು ಅವನ ಅಂಗಿ ಹಿಡಿದು ಒಳಗೆ ಎಳೆದುಕೊಂಡೆ. "ಏನ್ರಿ ಅಕ್ಕಾರ, ಇಷ್ಟ್ ಅವಸರ?" ಎಂದ ಪುಣ್ಯಾತ್ಮ.

ಮೇಲೆ ಹೋಗಿ ಅವನು ದಾಟಿ ಬಂದನೆಂದು ಹೇಳಿದರೂ ದೊಡ್ಡವ್ವ ಏಳಲಿಲ್ಲ. ಚೀಲವನ್ನು ತಬ್ಬಿಕೊಂಡೇ ಅಳುತ್ತಿದ್ದಳು. "ಕಾಯಲಿ ಅಂತ ಹಚ್ಚಿದ್ನಬೇ... ನಾ ಹಚ್ಚಿದ ವಿಭೂತಿನಽ ಅವನ್ನ ಕೊಲ್ತಿತ್ತಲ್ಲ..." ಎಂದಳು. ಆಕೆಯ ಕೈ ಹಿಡಿದು ನಾನೂ ಅತ್ತುಬಿಟ್ಟೆ. ಆಮೇಲೆ ಆಕೆ ಕಣ್ಣೊರೆಸಿಕೊಂಡು ಮನೆಗೆ ಹೋಗಿ ನಿಜವಾಗಿಯೂ ಮಿರ್ಚಿ ಕರಿದು ತಂದಳು. ತಂದೀನಿ ಅಂದ ಮೇಲೆ ಮಾಡಬೇಕಲ್ಲ! ಪೇಂಟರ್ ಒಂದು ಕಚ್ಚಿ, "ಉಪ್ಪು ಜರಾ ಕಮ್ಮಿ ಆಗ್ಯದ" ಎಂದ. ನಡೆದದ್ದನ್ನು ಹೇಳಿದೆವು. ಎರಡನೆಯದನ್ನು ಅವನು ಮುಟ್ಟಲಿಲ್ಲ.

ಅಂದಿನಿಂದ ಓಣಿಯಲ್ಲಿ ಎಲ್ಲೇ ಜೂಲಾ ಕಟ್ಟಲಿ, ದೊಡ್ಡವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹೋಗಿ ಬೊಂಬಿನ ತುದಿಗೆ ಕುಳಿತು ಹಸನು ಮಾಡುತ್ತಿದ್ದಳು. ಚೀಲ ಕಟ್ಟಿದ್ದರೂ ಅಷ್ಟೇ, ಬಿಟ್ಟಿದ್ದರೂ ಅಷ್ಟೇ. ವಿಭೂತಿ ಮಾತ್ರ ತನ್ನ ಹಣೆ ಬಿಟ್ಟು ಬೇರೆಲ್ಲೂ ಹಚ್ಚಲಿಲ್ಲ.

ಕೊನೆಗೆ ಆಕೆಯನ್ನು ನೋಡಿದ್ದು ಲಿಂಗಸುಗೂರಿನಲ್ಲಿ, ಮಗಳ ಮನೆಯಲ್ಲಿ. ಬೇನೆ ಮೈಯನ್ನೆಲ್ಲ ತಿಂದುಬಿಟ್ಟಿತ್ತು. ಮಂಚದ ಮೇಲೆ ಆಕೆ ಎಲ್ಲಿದ್ದಾಳೆಂದು ಹುಡುಕಬೇಕಾಯಿತು... ನನ್ನ ಮುಖ ನೋಡಿ ನಕ್ಕಳು. "ಈಗ ನಾ ಕುಂತ್ರ ಬೊಂಬು ಎದ್ದಽ ಬಿಡ್ತದ ನೋಡಬೇ." ನಾನು ನಗಲಿಲ್ಲ. ಬಸ್ಸಿನಲ್ಲಿ ಸಿಂಧನೂರು ಬರುವ ತನಕ ಸೆರಗು ಬಾಯಿಗಿಟ್ಟುಕೊಂಡೇ ಕೂತಿದ್ದೆ. ಮತ್ತೆ ಹೋಗುವಷ್ಟರಲ್ಲಿ ಆಕೆ ಇರಲಿಲ್ಲ.

ಇವತ್ತು ಬೊಂಬಿನ ಬದಲು ಕಬ್ಬಿಣದ ಪೈಪು ಬಂದಿವೆ, ಪೇಂಟರ್ ಸೊಂಟಕ್ಕೆ ಬೆಲ್ಟು ಹಾಕಿಕೊಂಡಿದ್ದಾನೆ. ಚೀಲಗಳನ್ನು ಪೈಪಿಗೇ ಬಿಗಿದಿದ್ದಾರೆ, ಯಾರೂ ಒಯ್ಯಲಾರರು. ಎಲ್ಲ ಗೊತ್ತಿದ್ದೂ ಮೊರದಲ್ಲಿ ಅಕ್ಕಿ ಹಾಕಿಕೊಂಡು ಮೇಲೆ ಬಂದೆ. ಪೈಪಿನ ತುದಿಗೆ ಕುಳಿತೆ. "ಅಕ್ಕಾರ, ಅಲ್ಲಿ ಕುಂಡ್ರೂದು ಬೇಕಾಗಿಲ್ರಿ, ಭಾರ ಬರೋಬ್ಬರಿ ಅದ" ಎಂದು ಕೆಳಗಿನಿಂದ ಕೂಗಿದ.

"ನೀ ಬಣ್ಣ ಹಚ್ಚಪಾ" ಎಂದೆ. ಎದುರಿನ ಮಾಳಿಗೆ ಖಾಲಿ ಇತ್ತು. ಚೀಲಕ್ಕೆ ಒತ್ತಿ, ಇನ್ನಷ್ಟು ಗಟ್ಟಿಯಾಗಿ ಕುಳಿತುಕೊಂಡೆ. ಆಕೆಯಷ್ಟು ಭಾರ ನನಗೆಲ್ಲಿಂದ ಬರಬೇಕು?