ಬೆವರಿದ ಗಾಜು

ಹಲ್ಲಿನ ದವಾಖಾನೆಯಲ್ಲಿ ಅವಳನ್ನು ಎಲ್ಲರೂ ಗಾರೆಯಕ್ಕ ಎಂದೇ ಕರೆಯುತ್ತಿದ್ದರು. ಮನೆ ಕಟ್ಟುವವರು ಬಾಂಡಲಿಯಲ್ಲಿ ಗಾರೆ ಕಲಸಿದರೆ, ಇವಳು ಅಂಗೈಯಗಲದ ದಪ್ಪ ಗಾಜಿನ ಮೇಲೆ ಹಲ್ಲಿನ ಸಿಮೆಂಟ್ ಕಲಸುವವಳು. ನಾಲ್ಕು ಹನಿ ದ್ರವಕ್ಕೆ ಬಿಳಿ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಎಳೆದುಕೊಂಡು, ಚಪ್ಪಟೆ ಅಲಗಿನಿಂದ ಗಾಜಿನ ತುಂಬ ಹರಡಿ ತೀಡುವಳು. ಅಲಗು ಎತ್ತಿದರೆ ಜೇನಿನಂತೆ ಎಳೆ ಬರಬೇಕು. ಆ ಹದ ಅವಳ ಮಣಿಕಟ್ಟಿಗೇ ಗೊತ್ತಿತ್ತು. ಗಂಡ ಸತ್ತ ಮೇಲೆ ಕಸ ಗುಡಿಸಲು ಬಂದವಳು ನೋಡಿ ನೋಡಿ ಕಲಿತು, ಪರದೆಯ ಹಿಂದಿನ ಕಲಸುವ ಮೇಜಿಗೆ ಒಡತಿಯಾಗಿದ್ದಳು. ಮೇಲೇರಿದವಳು ಕೆಳಗಿಳಿಯಲು ಒಪ್ಪುವುದುಂಟೇ?

ಗಾಜು ತಣ್ಣಗಿಲ್ಲದಿದ್ದರೆ ಸಿಮೆಂಟ್ ಹಲ್ಲು ಮುಟ್ಟುವ ಮೊದಲೇ ಕಲ್ಲಾಗುತ್ತದೆ. ಅದಕ್ಕೇ ಗಾಜಿನ ವಾಸ ಫ್ರಿಜ್ಜಿನಲ್ಲಿ. ಹಳೆಯ ಫ್ರಿಜ್ಜು ಹೆಸರಿಗಷ್ಟೇ ಫ್ರಿಜ್ಜು. ಅದರಿಂದ ತೆಗೆದ ಗಾಜು ಒಣಗಿಯೇ ಇರುತ್ತಿತ್ತು. ಈ ಬೇಸಿಗೆಗೆ ಹೊಸದು ಬಂತು. ಹೊರಗೆ ತೆಗೆದ ಗಾಜಿನ ಮೇಲೆ ಕಂಡೂ ಕಾಣದಂತೆ ನೀರಹನಿ ಕೂರತೊಡಗಿತು.

ಅದನ್ನು ಮೊದಲು ಕಂಡವಳು ಗಾರೆಯಕ್ಕನ ಸೊಸೆ. ಹತ್ತಿ, ತಟ್ಟೆ ಎತ್ತಿಕೊಡಲೆಂದು ಅತ್ತೆಯೇ ಅವಳನ್ನು ಸೇರಿಸಿದ್ದಳು. ಮನೆಯಲ್ಲಿ ಉಸಿರಾಡಲೂ ಅಪ್ಪಣೆ ಬೇಕಿದ್ದ ಹುಡುಗಿಗೆ ಈ ಕೆಲಸವೊಂದೇ ಹೊರಗಾಳಿ.

"ಅತ್ತೆ, ಗಾಜು ಬೆವರಿದೆ. ಒರೆಸ್ಲಾ?"

"ಒರೆಸಿದ್ರೆ ತಂಪು ಹೋಗುತ್ತೆ ಕಣೇ, ದಡ್ಡಿ. ಮೊದಲು ನಿನ್ನ ಮೂತಿ ಒರೆಸ್ಕೋ."

ತಿಂಗಳು ತುಂಬುವುದರೊಳಗೆ, ಆ ಸಿಮೆಂಟ್ ಹಚ್ಚಿ ಹಲ್ಲುಗಳ ಮೇಲೆ ಕೂರಿಸಿದ ಕ್ಯಾಪುಗಳು ಒಂದೊಂದಾಗಿ ಕಳಚಿದವು. ಲಾರಿ ಡ್ರೈವರೊಬ್ಬ ತನ್ನದನ್ನು ಕಾಗದದಲ್ಲಿ ಸುತ್ತಿ ತಂದು, ಕಾದು ಕೂತವರೆಲ್ಲರ ಎದುರು ಬಿಚ್ಚಿದ.

"ಡಾಕ್ಟ್ರೇ, ಟೋಪಿ ಹಾಕೋದನ್ನಾದ್ರೂ ನೆಟ್ಟಗೆ ಹಾಕ್ರೀ! ಬ್ರೆಡ್ ಕಚ್ಚಿದ್ದಕ್ಕೇ ಕೈಗೆ ಬಂತಲ್ಲ!"

ಹಲ್ಲುನೋವಿನವರೂ ಕೆನ್ನೆ ಹಿಡಿದುಕೊಂಡೇ ನಕ್ಕರು. ಡಾಕ್ಟರ ಮುಖ ಇಂಗು ತಿಂದ ಮಂಗನಂತಾಯಿತು. ಪರದೆ ಸರಿಸಿ ಒಳಗೆ ಬಂದವರು ಕ್ಯಾಪಿನ ಒಳಮೈ ಕೆರೆದರು. ಸಿಮೆಂಟ್ ಸುಣ್ಣದ ಪುಡಿಯಂತೆ ಉದುರಿತು.

"ಇದಕ್ಕೆ ನೀರು ಸೇರಿದೆ. ನೀರು ಸೇರಿದ್ರೆ ಬೇಗ ಗಟ್ಟಿಯಾಗುತ್ತೆ, ಒಳಗೆ ಶಕ್ತಿ ಇರಲ್ಲ. ಯಾರ ಕೈ ಇದು? ಆ ಕೈ ನಾಳೆಯಿಂದ ಇಲ್ಲಿ ಬೇಡ."

ಬೆವರಿದ ಗಾಜು ಗಾರೆಯಕ್ಕನ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಮೂಲೆಯ ಪೊರಕೆಯೂ ಬಂತು. ಅತ್ತೆ ಒಡೆದರೆ ಹಳೆ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

"ಇನ್ಯಾರು ಡಾಕ್ಟ್ರೇ, ನಮ್ಮ ಮನೆ ಮಹಾರಾಣಿ. ಕಲಿಯಲಿ ಅಂತ ಅಲಗು ಕೊಟ್ಟೆ. ಒದ್ದೆ ಕೈಯಲ್ಲೇ ಗಾಜು ಮುಟ್ತಾಳೆ. ಎಷ್ಟು ಬಡ್ಕೊಂಡ್ರೂ ಗೋರ್ಕಲ್ಲ ಮೇಲೆ ಮಳೆ."

ಸೊಸೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಅತ್ತೆ! ನಾನು ಆ ಅಲಗು ಮುಟ್ಟಿದ್ದುಂಟಾ?"

"ನೋಡಿದ್ರಾ? ನಿಮ್ಮ ಎದುರಿಗೇ ಎದುರುತ್ತರ!"

"ಮನೆ ಜಗಳ ಮನೇಲಿಟ್ಕೊಳ್ಳಿ," ಎಂದು ಡಾಕ್ಟರು ಬಾಗಿಲ ಕಡೆ ಕೈ ತೋರಿದರು. ಹುಡುಗಿ ಮೇಲಂಗಿ ಬಿಚ್ಚಿ ಮೊಳೆಗೆ ತೂಗುಹಾಕಿ, ಯಾರನ್ನೂ ನೋಡದೆ ನಡೆದಳು.

ಮರುದಿನ ಗಾರೆಯಕ್ಕ ಪರದೆಯನ್ನು ಪೂರ್ತಿ ಎಳೆದುಕೊಂಡು, ಒಣಬಟ್ಟೆಯಿಂದ ಗಾಜು ಒರೆಸಿದಳು. ಮತ್ತೆ ಹನಿ ಕೂತಿತು, ಮತ್ತೆ ಒರೆಸಿದಳು. ಬೆವರು ನಿಂತ ಮೇಲೆಯೇ ಪುಡಿಗೆ ಕೈ ಹಾಕಿದಳು. ವಾರಗಳು ಕಳೆದವು, ಕಳಚಿದ ಕ್ಯಾಪ್ ಹಿಡಿದು ಒಬ್ಬರೂ ಬರಲಿಲ್ಲ.

"ಪೀಡೆ ತೊಲಗಿತು ನೋಡಿ ಗಾರೆಯಕ್ಕ," ಎಂದರು ಡಾಕ್ಟರು.

"ಏನ್ಮಾಡೋದು, ಕೈಗುಣ ಹೇಳಿಕೊಟ್ಟರೆ ಬರುತ್ತಾ?" ಎಂದು ಅವಳು ತಲೆ ತಗ್ಗಿಸಿ ನಕ್ಕಳು.

ಅಂದು ಸಂಜೆ ಸೊಸೆ ತರಕಾರಿ ಹೆಚ್ಚುತ್ತ ಮೆಲ್ಲಗೆ ಕೇಳಿದಳು, "ಈಗ ಗಾಜು ಒರೆಸ್ತೀರಾ ಅತ್ತೆ?"

"ಒರೆಸ್ತೀನಿ."

"ಕ್ಯಾಪು ನಿಲ್ತಾವಾ?"

"ಬಂಡೆ ಹಾಗೆ."

ಹುಡುಗಿಯ ಮುಖ ಅರಳಿತು. "ಹಾಗಾದ್ರೆ ಡಾಕ್ಟ್ರಿಗೆ ನನ್ನ ಬಗ್ಗೆ ಒಂದು ಮಾತು..."

ಗಾರೆಯಕ್ಕ ಕುರ್ಚಿ ಎಳೆದು ಕೂತಳು.

"ಹೇಳಿದೀನಲ್ಲ. ಇನ್ಮೇಲೆ ಎರಡನೇ ಆಳು ಬೇಕಾಗಿಲ್ಲ, ನಾನೊಬ್ಬಳೇ ಸಾಕು ಅಂತ. ಬೇಗ ಹೆಚ್ಚು, ಹೊಟ್ಟೆ ಹಸೀತಿದೆ."