ನನ್ನದೇ ಕೇಸ್ ಪೇಪರ್

"ಅದು ಆಗೋ ಮಾತಲ್ಲ ಬಿಡ್ರೀ ಅಮ್ಮಾರ. ಮೂವತ್ತೆಂಟಕ್ಕ ಯಾರಾದ್ರೂ ಮತ್ತ ಸಾಲಿಗೆ ಹೋಗ್ತಾರೇನ್ರಿ?" ಎಂದವರು ನನ್ನ ಕಾಂಪೌಂಡರ್. ಕಂಪ್ಲಿಯ ನನ್ನ ಕ್ಲಿನಿಕ್ಕಿನಲ್ಲಿ ಹನ್ನೆರಡು ವರ್ಷ ಮಿಕ್ಸ್ಚರ್ ಕಲಸಿದವರು. ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಕಾಲುವೆ ನೀರಿಗೆ ವರ್ಷಕ್ಕೆ ಎರಡು ಬೆಳೆ ಭತ್ತ ಬರತೊಡಗಿದ್ದರಿಂದ ಅಪ್ಪ ಓದಿಸಿದರು. ಹೆಣ್ಣು ಡಾಕ್ಟರೆಂದರೆ ಹೆರಿಗೆ ಮಾಡಿಸುವವಳು ಎಂದು ಊರೇ ತೀರ್ಮಾನಿಸಿತ್ತು; ನಾನೂ ಒಪ್ಪಿಕೊಂಡಿದ್ದೆ. ಕಾಂಪೌಂಡರ್ ಆ ಮಾತು ಆಡುವುದಕ್ಕೆ ಕೆಲ ತಿಂಗಳ ಮುಂಚೆ, ಎಂಬತ್ತರ ದಶಕದ ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಬೀಗ ತೆಗೆಯಲು ಕೈಯೇ ಬರಲಿಲ್ಲ. ಡಾಕ್ಟರಿಕೆ ಬಿಟ್ಟು ಗದ್ದೆ ನೋಡಿಕೊಳ್ಳುತ್ತೇನೆಂದು ನಿರ್ಧರಿಸಿದೆ.

ಅದನ್ನು ಹೇಳಲೆಂದೇ ಸಂಡೂರಿಗೆ ಹೋದೆ. ನನಗೆ ಕಲಿಸಿದ ಹಿರಿಯ ವೈದ್ಯರು ನಿವೃತ್ತರಾಗಿ ಅಲ್ಲಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ರೋಗಿಯ ವಿವರ ಬರೆಯುವ ಖಾಲಿ ಕೇಸ್ ಪೇಪರೊಂದನ್ನು ನನ್ನ ಮುಂದಿಟ್ಟರು.

"ಹಿಸ್ಟರಿ ತಗೊಳ್ದನ ಔಷಧ ಬರದೀಯಲ್ಲವಾ, ಹಿಂಗ ಕಲಿಸಿದ್ನೇನು ನಿನಗ? ಪೇಷಂಟಿಗೆ ಕೇಳೋದನ್ನ ನಿನಗ ಕೇಳಿಕೋ. ಏನು ತ್ರಾಸ? ಎಷ್ಟು ದಿನದಿಂದ? ಯಾವಾಗ ಜಾಸ್ತಿ? ಯಾವಾಗ ಕಡಿಮಿ?"

ಮೊದಲ ಮೂರಕ್ಕೆ ಪಟಪಟ ಬರೆದೆ. ನಾಲ್ಕನೆಯದಕ್ಕೆ ಪೆನ್ನು ನಿಂತಿತು. "ನೀವೇ ಹೇಳ್ರಿ ಸರ್," ಎಂದೆ.

"ನನಗೇನು ಗೊತ್ತು? ಜಡ್ಡು ನಿಂದು!" ಎಂದು ನಕ್ಕು, ಮುಂದಿನ ಭಾನುವಾರ ಬಾ ಎಂದರು.

ಐದು ಭಾನುವಾರ ಬಸ್ಸು ಹಿಡಿದು ಹೋದೆ. ಒಮ್ಮೆಯೂ ಅವರು ಇಂಥದ್ದು ಮಾಡು ಎನ್ನಲಿಲ್ಲ. ಕೇಳುವುದು, ಸುಮ್ಮನೆ ಕೂರುವುದು. ಉತ್ತರ ಹೇಳಿಕೊಡದೆ ಪ್ರಶ್ನೆಯಿಂದಲೇ ದಾರಿ ಕಾಣಿಸುವ ಇದಕ್ಕೆ ಈಗಿನ ವೈದ್ಯರು ಕೋಚಿಂಗ್ ಅನ್ನುತ್ತಾರಂತೆ. ಇನ್ನೊಬ್ಬರ ಉತ್ತರಕ್ಕಾಗಿ ಮನುಷ್ಯ ಇಷ್ಟು ಹೊತ್ತು ಕಾಯಬಲ್ಲನೇ ಎಂಬುದೇ ನನಗೆ ದೊಡ್ಡ ಬೆರಗಾಗಿತ್ತು.

ಐದನೆಯ ಸಲ ಆ ನಾಲ್ಕನೆಯ ಪ್ರಶ್ನೆಗೆ ಉತ್ತರ ತಾನೇ ಬಂತು. ಹೊಸಪೇಟೆಯ ಸರ್ಜನ್ ಒಬ್ಬರು ಆಗಾಗ ಆಪರೇಷನ್ನಿಗೆ ಮುಂಚೆ ಎಚ್ಚರ ತಪ್ಪಿಸುವ ಈಥರ್ ಕೊಡಲು ನನ್ನನ್ನು ಕರೆಯುತ್ತಿದ್ದರು. ಮುಖದ ಮೇಲಿನ ಬಟ್ಟೆಗೆ ಹನಿ ಹನಿ ಹಾಕುತ್ತ, ಉಸಿರು ಎಣಿಸುತ್ತ ಕೂತಾಗ ಮಾತ್ರ ನನ್ನ ಎದೆ ಹಗುರವಾಗಿರುತ್ತಿತ್ತು. ಎಲ್ಲಿಗೋ ಹೋದ ಜೀವ ಮರಳಿ ಕಣ್ಣು ಬಿಟ್ಟು "ನೀರು" ಎನ್ನುವಾಗ ಪ್ರತಿಸಲವೂ ಮೈ ಜುಂ ಎನ್ನುತ್ತಿತ್ತು. ಅದನ್ನು ನಾನು ಕೆಲಸವೆಂದೇ ಎಣಿಸಿರಲಿಲ್ಲ.

"ಬರಿ ಮತ್ತ," ಎಂದರು ಸರ್. ಬರೆದೆ.

ಕಾಂಪೌಂಡರ್ ಆಗೋ ಮಾತಲ್ಲ ಎಂದರೂ ಅರಿವಳಿಕೆ ಡಿಪ್ಲೊಮಾಕ್ಕೆ ಹುಬ್ಬಳ್ಳಿಗೆ ಹೋದೆ. ನನ್ನನ್ನು "ಆಂಟಿ" ಎನ್ನುವ ಹುಡುಗರ ಪಕ್ಕ ಕೂತು ಓದಿದೆ. ಒಮ್ಮೆ ಫೇಲಾದೆ, ಅತ್ತೆ, ಮತ್ತೆ ಪರೀಕ್ಷೆಗೆ ಕಟ್ಟಿದೆ, ಪಾಸಾದೆ.

ಸರ್ಟಿಫಿಕೇಟು ತರಲು ಹೋದಾಗ ಅವ್ವ ಜೊತೆಗಿದ್ದಳು. ಗುಮಾಸ್ತರು ಸಹಿ ಹಾಕಿಸಿಕೊಂಡು ಕೊಟ್ಟರು. ಓದಲು ಬಾರದ ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ಹಿಡಿದಳು.

"ನಿದ್ದಿ ಮಾಡಸಾಕ ಇಷ್ಟು ವರ್ಷ ಓದಬೇಕೇನವಾ?"

"ಎಬ್ಬಸಾಕ, ಅವ್ವಾ."

ತನ್ನ ಗರ್ಭಕೋಶದ ಆಪರೇಷನ್ ಬ್ಯಾಡೇ ಬ್ಯಾಡ ಎಂದು ವರ್ಷಗಟ್ಟಲೆ ಹಟ ಹಿಡಿದಿದ್ದವಳು ಕಾಗದವನ್ನು ನನ್ನ ಕೈಗಿತ್ತು ಹೇಳಿದಳು:

"ಹಂಗಾರ ನಂದು ಮಾಡಸ್ರಿ. ನೀ ತಲಿ ಹತ್ರ ಕುಂದ್ರು ಅಷ್ಟ."